ಅಟ್ಟದ ಮೇಲಿನ ಗರಗಸ

ಊರವರೆಲ್ಲ ಸೇರಿ ಕಟ್ಟಿದ ಮರದ ಮಿಲ್ಲು ಮುಚ್ಚಿದ್ದಕ್ಕೆ ಅದನ್ನು ನಡೆಸುತ್ತಿದ್ದ ಸಂಘದ ಹಿರಿಯಳಾದ ಅಜ್ಜಿ ಯಾರನ್ನೂ ದೂರುತ್ತಿರಲಿಲ್ಲ. ಎಲ್ಲರದೂ ಆದ ಯಂತ್ರಕ್ಕೆ ಎಣ್ಣೆ ಹಾಕುವವರು ಯಾರೂ ಇರಲಿಲ್ಲ, ಅಷ್ಟೆ. ಈಗ ಪೇಟೆಯ ಸಾಹುಕಾರನೊಬ್ಬ ಅದನ್ನು ಮತ್ತೆ ನಡೆಸಲು ಪಾಲುದಾರನಾಗಿ ಬಂದಿದ್ದ. ದುಡ್ಡು ಅವನದು, ಕಾಡು ಮತ್ತು ದುಡಿಮೆ ಊರಿನದು. ಆದರೆ ಬಂದವನು ತುಕ್ಕು ಹಿಡಿದ ಮಿಲ್ಲಿನತ್ತ ತಿರುಗಿಯೂ ನೋಡದೆ, ಬೀಜಕ್ಕೆಂದು ಊರು ಕಡಿಯದೆ ಬಿಟ್ಟ ಹಳೆಯ ಮರಗಳನ್ನೇ ದಿಟ್ಟಿಸಿದ. ಹೆಣ್ಣು ನೋಡಲು ಬಂದವನು ಮನೆಯ ತೊಲೆ ಎಣಿಸಿದ ಹಾಗಾಯಿತು ಎಂದುಕೊಂಡಳು ಅಜ್ಜಿ.

"ಅನುಮಾನ ಬಿಡಿ ಅತ್ತೆ," ಎಂದ ಅಳಿಯ. ಮಿಲ್ಲು ನಿಂತಾಗಿನಿಂದ ಅವನಿಗೆ ಕೆಲಸವಿರಲಿಲ್ಲ. "ಆ ಮರ ಮುಟ್ಟಲ್ಲ ಅಂತ ಒಪ್ಪಿದಾರಲ್ಲ."

"ಬಾಯಿ ಒಪ್ಪಿದೆ ಕಣಪ್ಪ, ಕಣ್ಣು ಇನ್ನೂ ಒಪ್ಪಿಲ್ಲ."

ಆದರೂ ದೇವರನ್ನು ನೆನೆದು ಕೀಲಿಕೈ ಕೊಟ್ಟಳು. ಸಾಹುಕಾರ ಬಾಗಿಲು ತೆಗೆದು ನೋಡಿದರೆ ಯಂತ್ರಕ್ಕೆ ಗರಗಸವೇ ಇರಲಿಲ್ಲ.

"ಗರಗಸ ಎಲ್ಲಜ್ಜಿ?"

"ನಮ್ಮನೆ ಅಟ್ಟದ ಮೇಲಿದೆ. ಬೆಳಿಗ್ಗೆ ನಾನೇ ತರಿಸ್ತೀನಿ, ಸಂಜೆ ನಾನೇ ಒಯ್ಸ್ತೀನಿ. ನಡುವೆ ಯಾವ ಮರ ಒಳಗೆ ಬಂತು ಅಂತ ಇಲ್ಲೇ ಕೂತು ನೋಡ್ತೀನಿ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ದೇವರ ಮೇಲೆ ಪೂರ್ತಿ ನಂಬಿಕೆ ಇದೆ ಸ್ವಾಮಿ. ಆದ್ರೂ ಗುಡಿಗೆ ಬೀಗ ಹಾಕ್ತೀವಲ್ಲ."

ಸಾಹುಕಾರ ನಕ್ಕು ಒಪ್ಪಿಕೊಂಡ. ಇಷ್ಟು ಸುಲಭಕ್ಕೆ ಯಾಕೆ ಒಪ್ಪಿದ ಎಂದು ಯೋಚಿಸುತ್ತಲೇ ಅಜ್ಜಿ ಮೂಲೆಯಲ್ಲಿದ್ದ ಎಣ್ಣೆ ಡಬ್ಬಿಯನ್ನು ಈ ಸಲ ತಾನೇ ಕೈಗೆತ್ತಿಕೊಂಡಳು.