ನೋಯದ ಗುಳ್ಳೆ

ತೊಗಲಿನ ಸುರುಳಿಯನ್ನು ಅಂಗಳಕ್ಕೆ ಹಾಕಿ ಬಂದಮೇಲೂ ವಾಸನೆ ಹೋಗಲಿಲ್ಲ. ಅವಳು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. ಬೂಟು ಹೊಲಿಯುವವನನ್ನು ಕಟ್ಟಿಕೊಂಡು ಮೂವತ್ತೆರಡು ವರ್ಷ. ತೊಗಲು, ಅಂಟು, ಪಾಲಿಶ್ ಎಲ್ಲವೂ ಆ ಮೂಗಿಗೆ ಮನೆಮಂದಿಯಿದ್ದಂತೆ. ಈ ಕೊಳೆತ ನಾತ ಮಾತ್ರ ಹೊಸದು, ನಾಲ್ಕು ದಿನದಿಂದ ಅದಕ್ಕೆ ಸುರುಳಿಯನ್ನೇ ಬೈಯುತ್ತಿದ್ದಳು. ಈಗ ಸುರುಳಿ ಹೊರಗಿತ್ತು, ವಾಸನೆ ಒಳಗೇ ಇತ್ತು.

ಗಂಡ ಮಣೆಯ ಮೇಲೆ ಕೂತು ಅಟ್ಟೆಗೆ ಮೊಳೆ ಹೊಡೆಯುತ್ತಿದ್ದ.

"ರೀ, ಆ ಕಾಲುಚೀಲ ಬಿಚ್ಚಿ."

"ಯಾಕೆ, ಒಗೆಯೋಕೆ ಬೇರೇನೂ ಸಿಗ್ಲಿಲ್ವಾ?"

"ಬಿಚ್ಚಿ ಅಂದೆ."

ಎರಡು ವಾರದ ಹಿಂದೆ ಗಿರಾಕಿಯೊಬ್ಬ ಹೊಸ ಬೂಟು ಬಿಗಿ ಎಂದು ವಾಪಸು ತಂದಿದ್ದ. ಅಂಥವನ್ನು ಮೂರು ದಿನ ತಾನೇ ಹಾಕಿಕೊಂಡು ಓಡಾಡಿ, ಹದ ಮಾಡಿ ಕೊಡುವುದು ಇವನ ರೂಢಿ. ಈ ಸಲ ಹಿಮ್ಮಡಿಯಲ್ಲಿ ದ್ರಾಕ್ಷಿಯಷ್ಟು ಗುಳ್ಳೆ ಎದ್ದಿತು. ದಬ್ಬಳದಲ್ಲಿ ಚುಚ್ಚಿ, ನೀರು ಹಿಂಡಿ, ಬಟ್ಟೆ ಸುತ್ತಿಕೊಂಡ. ಸಕ್ಕರೆ ಕಾಯಿಲೆಯವರು, ಡಾಕ್ಟರಿಗೆ ತೋರಿಸಿ ಎಂದು ಅವಳು ಅಂದೇ ಹೇಳಿದ್ದಳು.

"ನೋವೇ ಇಲ್ವಲ್ಲೇ! ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?" ಎಂದು ನಕ್ಕಿದ್ದ.

ಅಳತೆಗೆ ಬಂದವರ ಕಾಲು ಹಿಡಿದು, "ಗುಳ್ಳೆ ಸುತ್ತ ಕೆಂಪಾಯ್ತು, ಕೀವಾಯ್ತು ಅಂದ್ರೆ ಮೊದಲು ಆಸ್ಪತ್ರೆ, ಆಮೇಲೆ ಬೂಟು" ಎಂದು ಬುದ್ಧಿ ಹೇಳುತ್ತಿದ್ದವನೂ ಇವನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನೋವಿಲ್ಲವೆಂದಮೇಲೆ ಅವಳೂ ಸುಮ್ಮನಾಗಿದ್ದಳು.

ಕಾಲುಚೀಲ ಅರ್ಧಕ್ಕೇ ಕಚ್ಚಿಕೊಂಡಿತು. ಎಳೆದಳು. ಅದರ ಜೊತೆಗೆ ಚರ್ಮವೂ ಬಂತು. ಹಿಮ್ಮಡಿ ಕಪ್ಪಗಾಗಿತ್ತು, ಕೆಂಪು ಮೀನಖಂಡದವರೆಗೆ ಏರಿತ್ತು. ಇಷ್ಟಾದರೂ ಅವನು ಹಾಂ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಅವನು ಕೂಗಲಿಲ್ಲವಲ್ಲ ಎಂಬುದಕ್ಕೇ ಹೆದರಿ ಅವಳು ಆಸ್ಪತ್ರೆಗೆ ಹೊರಡಲು ಎದ್ದಳು.

"ಅಂಥದ್ದೇನೂ ಇಲ್ಲ ಕಣೇ" ಎಂದ, ಕಾಲನ್ನು ನೋಡದೆ ಅವಳ ಮುಖವನ್ನೇ ನೋಡುತ್ತ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಾದದ ಅಲ್ಲಲ್ಲಿ ಸೂಜಿ ಮುಟ್ಟಿಸಿ ಕೇಳಿದರು: "ಗೊತ್ತಾಗ್ತಿದೆಯಾ?"

"ಇಲ್ಲ."

"ಇಲ್ಲಿ?"

"ಇಲ್ಲ ಡಾಕ್ಟ್ರೇ."

ಅವರು ಅವಳ ಕಡೆ ತಿರುಗಿದರು. "ಸಕ್ಕರೆ ಕಾಯಿಲೆಯಲ್ಲಿ ನರ ಸತ್ತಿರುತ್ತಮ್ಮ, ನೋವು ತಿಳಿಯಲ್ಲ. ಗುಳ್ಳೆ ಎದ್ದ ದಿನವೇ ಬರಬೇಕಿತ್ತು. ಈಗ ಪಾದ ಉಳಿಯಲ್ಲ, ಮೊಣಕಾಲಿನ ಕೆಳಗೆ ಕತ್ತರಿಸಬೇಕು. ಜೀವ ಉಳಿಸೋಕೆ ನೋಡ್ತೀವಿ."

ಗಂಡನ ಕಾಲು ಕೊಳೆಯುತ್ತಿರುವಾಗ ನಾಲ್ಕು ದಿನ ಸತ್ತ ತೊಗಲನ್ನು ಬೈದುಕೊಂಡು ಕೂತೆನಲ್ಲ ಎಂದು ಅವಳಿಗೆ ಎದೆ ಬಡಿದುಕೊಳ್ಳಬೇಕೆನಿಸಿತು. ವಾರ್ಡಿನ ತುಂಬ ಜನರಿದ್ದರು, ಸೆರಗು ಬಾಯಿಗಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಂದು ಮೊಣಕಾಲಿನ ಕೆಳಗೆ ನೀಲಿ ಪೆನ್ನಿನಿಂದ ಸುತ್ತಲೂ ಗೆರೆ ಎಳೆದರು. ಅವನು ಮೊಣಕೈ ಊರಿ ಎದ್ದು, ಗೆರೆಯನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದ.

"ಇನ್ನೆರಡು ಬೆರಳು ಕೆಳಗೆ ಹಾಕಿ ಡಾಕ್ಟ್ರೇ. ಸುಮ್ನೆ ಯಾಕೆ ಅಷ್ಟೊಂದು ತೊಗಲು ದಂಡ?"

ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿ ಮುಂದಿನ ಮಂಚಕ್ಕೆ ಹೋದರು. ಅವಳು ಗೆರೆಯ ಕೆಳಗೆ ಎರಡು ಬೆರಳು ಇಟ್ಟಳು. ಅಲ್ಲಿ ಚರ್ಮ ಇನ್ನೂ ಬೆಚ್ಚಗಿತ್ತು.