ನೀರು ಅವನದು, ದೀಪ ಅವಳದು

“ಗಿಡಗಳಿಗೆ ದಿನಕ್ಕೆ ಎಷ್ಟು ನೀರು ಹಾಕ್ತೀರಿ?” ಅಂಗಡಿಯವನು ಕೇಳಿದ.

ಅಕ್ಕ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದದ್ದು ಬೇರೆ ಪ್ರಶ್ನೆಗೆ. ಕೋಣೆಯ ಉದ್ದ, ಅಗಲ, ಎತ್ತರ ಅವಳಿಗೆ ಬಾಯಿಪಾಠವಾಗಿದ್ದವು. ಕಿಟಕಿಗೆ ಹಲಗೆ ಹೊಡೆಸಿದ್ದು, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದ್ದು, ನಾಲ್ಕೂ ಗೋಡೆಗೆ ಬಿಳಿ ಹಾಳೆ ಹೊದಿಸಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, ಇನ್ನೇನು ಬೇಕು ಎನ್ನುವಂತೆ ಗಲ್ಲ ಎತ್ತಿ ನಿಂತಿದ್ದಳು. ಅವಳ ಸ್ವಭಾವವೇ ಹಾಗೆ. ತಮ್ಮ ಅಕ್ಕ ಎಂದು ಕರೆಯುತ್ತಿದ್ದನೆಂದು ಇಡೀ ಬೀದಿ, ಅವಳಿಗಿಂತ ಹಿರಿಯರೂ ಸೇರಿ, ಅಕ್ಕ ಎಂದೇ ಕರೆಯತೊಡಗಿತ್ತು. ಅವಳೂ ಅದನ್ನು ಒಂದು ಪದವಿಯೆಂಬಂತೆ ಒಪ್ಪಿಕೊಂಡಿದ್ದಳು.

“ಬೇಕಾದಷ್ಟು ಹಾಕ್ತೀವಿ,” ಎಂದಳು.

“ಬೇಕಾದಷ್ಟು ಅಂದ್ರೆ?”

“ಗಿಡಕ್ಕೆ ಎಷ್ಟು ಬೇಕೋ ಅಷ್ಟು.”

ಅಂಗಡಿಯವನು ನಕ್ಕ. ಅವನ ಬೆನ್ನ ಹಿಂದೆ ಸಾಲಾಗಿ ನಿಂತಿದ್ದ ಯಂತ್ರಗಳ ಹೆಸರು ಡಿಹ್ಯುಮಿಡಿಫೈಯರ್. ಕೊಳ್ಳಲು ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು ಬಾಯಲ್ಲಿ ಹೊರಳುತ್ತಿರಲಿಲ್ಲವಾದ್ದರಿಂದ, ಅವನೂ ತೇವ ಎಳೆಯೋ ಮೆಷಿನ್ ಎಂದೇ ಹೇಳಿ ಮಾರುತ್ತಿದ್ದ.

“ನೋಡಿ, ಗೋದಾಮಿಗಾದ್ರೆ ಉದ್ದ ಅಗಲ ಹೇಳಿದ್ರೆ ಸಾಕು. ಗಿಡದ ಕೋಣೆಗೆ ನೀರಿನ ಲೆಕ್ಕ ಬೇಕು. ಬೇರಿಗೆ ಹಾಕಿದ್ದು ಹೆಚ್ಚೂಕಡಿಮೆ ಎಲ್ಲಾನೂ ಎಲೆಯಿಂದ ಆವಿಯಾಗಿ ಹೊರಗೆ ಬರುತ್ತೆ. ನೀವು ಗಾಳಿಯಾಡದ ಹಾಗೆ ಮುಚ್ಚಿಟ್ಟಿದ್ದೀರಿ. ಅದು ಹೋಗೋದಾದ್ರೂ ಎಲ್ಲಿಗೆ? ಮೆಷಿನ್ನೇ ಎಳ್ಕೋಬೇಕು. ಚಿಕ್ಕದಿಟ್ರೆ ದೀಪ ಆರಿ ಕೋಣೆ ತಣ್ಣಗಾದ ತಕ್ಷಣ ಗೋಡೆಯೆಲ್ಲ ಬೆವರುತ್ತೆ. ಆಮೇಲೆ ನೀರು ಹಾಕಿದವನನ್ನ ಬೈದು ಏನು ಬಂತು?”

ಕೊನೆಯ ಮಾತನ್ನು ಅವನು ಸುಮ್ಮನೆ, ಬಾಯಿಗೆ ಬಂತೆಂದು ಆಡಿದ್ದು. ಅಕ್ಕನ ಗಲ್ಲ ಮಾತ್ರ ಕೆಳಗಿಳಿಯಿತು.

ಅದು ಹೋಗೋದಾದ್ರೂ ಎಲ್ಲಿಗೆ ಅಕ್ಕ? ಕಿಟಕಿಗೆ ಹಲಗೆ ಹೊಡೆಸಿದ ದಿನ ತಮ್ಮನೂ ಇದನ್ನೇ ಕೇಳಿದ್ದ.

ಗಂಡ ತೀರಿಕೊಂಡ ಮೇಲೆ ಅಕ್ಕ, ಮದುವೆಯ ಗೋಜಿಗೇ ಹೋಗದ ತಮ್ಮ, ಇಬ್ಬರೂ ಸೇರಿ ಮನೆಯ ಹಿಂದಿನ ಕೋಣೆಯಲ್ಲಿ ದೀಪದ ಬೆಳಕಲ್ಲೇ ಸ್ಟ್ರಾಬೆರಿ ಬೆಳೆಯಲು ಶುರುಮಾಡಿದ್ದರು. ಒಂದೇ ಕೆಲಸಕ್ಕೆ ಎರಡು ಕೈ ಬಿದ್ದರೆ ಜಗಳ ಖಂಡಿತ ಎಂದು ಮೊದಲ ದಿನವೇ ಪಾಲು ಮಾಡಿಕೊಂಡರು. ನೀರು ಅವನದು, ದೀಪ ಅವಳದು. ಪ್ಲಗ್ಗು, ಸ್ವಿಚ್ಚು, ಫ್ಯಾನು ಅವಳ ಕಡೆ. ಕ್ಯಾನು, ಕೊಳವೆ, ಗೊಬ್ಬರ ಅವನ ಕಡೆ. ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಒಮ್ಮೆ ಅವಳು ಬಾಡಿದ ಗಿಡವೊಂದನ್ನು ನೋಡಿ, ಪಕ್ಕದಲ್ಲೇ ತುಂಬಿದ ಕ್ಯಾನಿದ್ದರೂ ಒಂದು ಲೋಟ ನೀರು ಹಾಕದೆ, ತಮ್ಮ ಸ್ನಾನ ಮುಗಿಸಿ ಬರುವವರೆಗೆ ಕಾದಿದ್ದಳು. ಅದನ್ನು ಹೇಳಿಕೊಂಡು ಇಬ್ಬರೂ ಎಷ್ಟೋ ದಿನ ನಕ್ಕಿದ್ದರು.

ಆಗ ತಂದ ತೇವ ಎಳೆಯುವ ಯಂತ್ರಕ್ಕೆ ಪ್ಲಗ್ಗಿತ್ತು. ಹಾಗಾಗಿ ಅದನ್ನು ಆಯ್ದು ತಂದವಳು ಅಕ್ಕ. ಕೋಣೆಯ ಅಳತೆಗೆ ಸಾಕಾಗುವಂಥದ್ದು, ಚಿಕ್ಕದು, ಸದ್ದಿಲ್ಲದ್ದು. ಗೋಡೆಯ ಆಚೆ ಅವಳ ಹಾಸಿಗೆಯಿತ್ತು. ಆದರೆ ಗೋಡೆ ಒದ್ದೆಯಾದಾಗ, ಹಣ್ಣಿನ ಮೇಲೆ ಬೂದಿ ಬಣ್ಣದ ಬೂಷ್ಟು ಕೂತಾಗ, ಅದು ನೀರಿನ ಕಡೆಯ ತಪ್ಪಾಯಿತು. ಒದ್ದೆ ಅಂದಮೇಲೆ ನೀರು, ನೀರು ಅಂದಮೇಲೆ ತಮ್ಮ. ಅವಳಿಗೆ ಬೇರೆ ಯೋಚನೆಯೇ ಬರಲಿಲ್ಲ.

ಅವರ ಹಣ್ಣು ಕೊಳ್ಳುತ್ತಿದ್ದ ಬೇಕರಿಯವಳು ಒಂದು ಬುಟ್ಟಿಯನ್ನು ವಾಪಸು ತಂದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಎದುರೇ ಅಕ್ಕ ತಮ್ಮನ ಕಡೆ ತಿರುಗಿ ಅಂದಿದ್ದಳು: “ಸುರಿ, ಇನ್ನೂ ಸುರಿ. ಗಿಡಾನ ಮುಳುಗಿಸಿ ಕೊಲ್ಲು. ಒಂದು ಕೆಲಸ ಕೊಟ್ಟಿದ್ದೆ ನಿನಗೆ, ಅದೂ ನೆಟ್ಟಗೆ ಬರಲಿಲ್ಲ.” ತಮ್ಮನ ಕೈಯಲ್ಲಿ ಒದ್ದೆ ಟವೆಲಿತ್ತು. ಅವನು ಬೇಕರಿಯವಳನ್ನು ನೋಡಿದ, ನೆಲ ನೋಡಿದ, ಟವೆಲನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿ ಒಳಗೆ ಹೋದ. ಆ ವಾರವೇ ಊರಾಚೆ ಗಿಡ ಬೆಳೆಸುವ ದೊಡ್ಡ ಗಾಜಿನ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಹೋಗುವಾಗ ಹೋಗಿ ಬರ್ತೀನಿ ಅಂದಿದ್ದ. ಬಂದಿರಲಿಲ್ಲ. ನೀರಿನ ಕೆಲಸ ಹಾಗೇ ನಿಂತಿತ್ತು.

ಈಗ ಅಂಗಡಿಯಲ್ಲಿ ನಿಂತು ಅವಳು ಯೋಚಿಸಿದ್ದು ಆ ಟವೆಲಿನ ಬಗ್ಗೆ. ರಾತ್ರಿಯಿಡೀ ಉರಿದ ಕೋಣೆಯ ದೀಪವನ್ನು ಬೆಳಿಗ್ಗೆ ಆರಿಸಿ ಅವಳು ಹಣ್ಣಿನ ಡಬ್ಬಿಗಳೊಂದಿಗೆ ಹೊರಟುಬಿಡುತ್ತಿದ್ದಳು. ತಿರುಗಿ ಬಂದಾಗಲೂ ತಮ್ಮ ಕದ ಹಾಕಿಕೊಂಡು ಆ ಕೋಣೆಯೊಳಗೇ ಇರುತ್ತಿದ್ದ. ಮಹಾರಾಜ ಕತ್ತಲಲ್ಲಿ ಹಾಡು ಕೇಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದಳು. ಮೈ ಒರೆಸುವ ಟವೆಲುಗಳು ಯಾಕೆ ಹೀಗೆ ಕಪ್ಪಾಗ್ತವೆ ಎಂದು ರೇಗುತ್ತಿದ್ದಳು. ಅವನು ಗೋಡೆ ಒರೆಸುತ್ತಿದ್ದ. ಎಲೆ ಎಲೆಯನ್ನೂ ಒರೆಸುತ್ತಿದ್ದ. ಅವಳು ಆಯ್ದ ಯಂತ್ರ ಬಿಟ್ಟ ಕೆಲಸವನ್ನು ಕೈಯಲ್ಲಿ ಮಾಡುತ್ತಿದ್ದ.

“ಯಾರಿಗಾದ್ರೂ ಗೊತ್ತಿದ್ರೆ ಕೇಳಿ ನೋಡಿ,” ಅಂಗಡಿಯವನು ಸ್ಟೂಲು ಎಳೆದುಕೊಟ್ಟ.

ಅವಳು ಕೂರದೆ ಫೋನ್ ಹಚ್ಚಿದಳು. ತಮ್ಮ ಬೇಗನೆ ಎತ್ತಿಕೊಂಡ. ಹಿಂದೆ ಎಲ್ಲೋ ದೊಡ್ಡ ಫ್ಯಾನು ತಿರುಗುವ ಸದ್ದು.

“ನಾನು ಕಣೋ.”

“ಗೊತ್ತು ಅಕ್ಕ. ಹುಷಾರಾಗಿದ್ದೀಯಾ?”

“ಇದ್ದೀನಿ. ದಿನಕ್ಕೆ ಎಷ್ಟು ನೀರು ಹಾಕ್ತಿದ್ದೆ ನೀನು?”

ತಮ್ಮ ಮೆಲ್ಲಗೆ ಹೇಳಿದ, “ಅದು ಮುಗಿದ ಮಾತಲ್ವಾ ಅಕ್ಕ?”

“ಅಯ್ಯೋ, ಜಗಳಕ್ಕಲ್ಲವೋ. ಮೆಷಿನ್ ಅಂಗಡೀಲಿದ್ದೀನಿ. ಹೊಸದು ತಗೋಬೇಕು. ಇವರು ಕೇಳ್ತಿದ್ದಾರೆ.”

“ಓ,” ಎಂದ. ದನಿ ಸಡಿಲವಾಯಿತು. “ಕೆಂಪು ಕ್ಯಾನಲ್ಲಿ ನಾಲ್ಕು. ಹಣ್ಣು ಹಿಡಿದ ಮೇಲೆ ಐದು. ಐದಕ್ಕೇ ಲೆಕ್ಕ ಹಾಕೋಕೆ ಹೇಳು. ದೊಡ್ಡದೇ ಬೇಕಾಗುತ್ತೆ. ಆದ್ರೆ ಅಕ್ಕ, ಅದು ಸದ್ದು ಮಾಡುತ್ತೆ. ನಿನ್ನ ಮಂಚ ಮುಂದಿನ ಕೋಣೆಗೆ ಹಾಕಿಸ್ಕೋ.”

“ನಿನಗೆ ಆವಾಗಲೇ ಗೊತ್ತಿತ್ತೇನೋ, ಚಿಕ್ಕದು ಸಾಲಲ್ಲ ಅಂತ?”

“ಅನುಮಾನ ಇತ್ತು. ಭಾವ ಹೋದ ಮೇಲೆ ನಿನಗೆ ಆಗ ತಾನೇ ನಿದ್ದೆ ಹತ್ತೋಕೆ ಶುರುವಾಗಿತ್ತು. ಒರೆಸಿದ್ರೆ ಆಯ್ತು ಅಂದ್ಕೊಂಡೆ.”

ಅಂಗಡಿಯವನು ಮರ್ಯಾದಸ್ಥ. ಯಾವುದೋ ಯಂತ್ರದ ಹಿಂದೆ ಹೋಗಿ ಇಲ್ಲದ ಧೂಳು ಒರೆಸತೊಡಗಿದ.

“ತಪ್ಪು ನಿಂದಲ್ಲವಂತೆ ಕಣೋ,” ಎಂದಳು ಅಕ್ಕ. “ಮೆಷಿನ್ನಿಂದಂತೆ.”

“ಮೆಷಿನ್ನಿಂದಾ?” ತಮ್ಮ ನಕ್ಕ. ಕೊಂಕಿನ ನಗೆಯಲ್ಲ, ಅದಾಗಿದ್ದರೆ ಅವಳು ತಿರುಗಿಸಿ ಅನ್ನಬಹುದಿತ್ತು. “ಸರಿ ಬಿಡು. ಪಾಪ, ಮೆಷಿನ್ನಿಂದು.”

ತಪ್ಪು ನನ್ನದು ಎನ್ನಲು ಅವಳಿಗೆ ಎಷ್ಟು ಹೊತ್ತು ಬೇಕಿತ್ತು? ನಾಲಿಗೆಯ ತುದಿಯವರೆಗೂ ಬಂದಿತ್ತು. ಹೊರಗೆ ಬಂದದ್ದು ಮಾತ್ರ, “ಇಲ್ಲಿ ನೀರಿನ ಕೆಲಸ ಹಾಗೇ ಇದೆ, ನಾನಿನ್ನೂ ಯಾರಿಗೂ ಕೊಟ್ಟಿಲ್ಲ.”

“ನೀನೇ ಹಾಕು ಅಕ್ಕ. ಕಷ್ಟ ಏನಿಲ್ಲ. ಬೆರಳು ಇಟ್ಟು ನೋಡು, ಮೇಲೆ ಒಣಗಿದ್ರೆ ಹಾಕು.” ಜೊತೆಗೇ ಹೇಳಿದ, “ಇಲ್ಲಿ ನಾನು ದೀಪದ ಕಡೆ ಇದ್ದೀನಿ. ನೀರಿನ ಕಡೆ ಬೇಡ ಅಂತ ನಾನೇ ಕೇಳ್ಕೊಂಡೆ. ಕೂಗ್ತಿದ್ದಾರೆ, ಇಡ್ತೀನಿ.”

ಅಕ್ಕ ಫೋನನ್ನು ಚೀಲಕ್ಕೆ ಹಾಕಿ, ಕೆಂಪು ಕ್ಯಾನು ಎಷ್ಟು ದೊಡ್ಡದೆಂದು ಎರಡೂ ಕೈಯಲ್ಲಿ ಅಳತೆ ತೋರಿಸಿದಳು. ಐದಕ್ಕೆ ಲೆಕ್ಕ ಹಾಕಿ ಎಂದಳು. ಅಂಗಡಿಯವನು ತೋರಿಸಿದ್ದಕ್ಕೆ ಚೌಕಾಸಿ ಮಾಡದೆ ಒಪ್ಪಿಕೊಂಡಳು. ಅವಳ ಜಾಯಮಾನಕ್ಕೆ ಅದು ತೀರಾ ಹೊಸದು.

ಹೊಸ ಯಂತ್ರ ಬಂದು ಮೂಲೆಯಲ್ಲಿ ಕೂತು ಗುಡುಗತೊಡಗಿತು. ಎಳೆದ ನೀರು ಹೊರಬರುವ ಅದರ ಕೊಳವೆಯ ತುದಿಯನ್ನು ಅಕ್ಕ ಕೆಂಪು ಕ್ಯಾನಿಗೆ ಇಳಿಬಿಟ್ಟಳು. ಮಂಚವನ್ನು ಮಾತ್ರ ಕದಲಿಸಲಿಲ್ಲ. ಹಾಳಾದ ಗಿಡ ಕಿತ್ತು ಹೊಸ ಸಸಿ ನೆಟ್ಟಳು. ಕೆಲವು ದಿನಗಳಲ್ಲಿ ಬೆಳಿಗ್ಗೆ ದೀಪ ಆರಿಸಿದ ಮೇಲೂ ಗೋಡೆ ಒಣಗಿಯೇ ಇರತೊಡಗಿತು. ಎಲೆ ಮುಟ್ಟಿದರೆ ಬೆರಳಿಗೆ ಹನಿ ಹತ್ತುತ್ತಿರಲಿಲ್ಲ. ಬೇಕರಿಯವಳು ಬಂದು ಇಣುಕಿ, “ಈಗ ಸರಿಯಾಯ್ತಲ್ಲ ಅಕ್ಕಾ, ತಮ್ಮನ್ನ ಕರೆಸ್ಕೊಳ್ಳಿ,” ಅಂದಳು. ಅಕ್ಕ ಎಲೆ ಸವರುತ್ತಲೇ ಇದ್ದಳು.

ಬೇಕರಿಯವಳು ಹೋದ ಮೇಲೆ ಅಕ್ಕ ಬಾಗಿಲು ಮುಚ್ಚಲು ಹೋದಾಗ ಅದರ ಹಿಂದಿನ ಮೊಳೆ ಕಂಡಿತು. ಟವೆಲು ಅಲ್ಲೇ ಇತ್ತು. ನೀರಿನ ಕಡೆಯ ಸಾಮಾನೆಂದು ಇಷ್ಟು ದಿನ ಅವಳು ಅದನ್ನು ಮುಟ್ಟಿರಲಿಲ್ಲ. ಸದಾ ತೊಟ್ಟಿಕ್ಕುತ್ತಿದ್ದ ಬಟ್ಟೆ ಈಗ ಒಣಗಿ ಕಟ್ಟಿಗೆಯಂತಾಗಿತ್ತು. ಅವನು ಹಿಂಡಿದ ತಿರುವು ಇನ್ನೂ ಹಾಗೇ ನಿಂತಿತ್ತು. ಕೊಡವಿ ಬಿಡಿಸಲು ಎರಡು ತುದಿ ಹಿಡಿದವಳು ಹಾಗೆಯೇ ನಿಂತಳು.

ಮೂಲೆಯಲ್ಲಿ ಕೆಂಪು ಕ್ಯಾನು ತುಂಬಿ ನೆಲಕ್ಕೆ ಹರಿಯತೊಡಗಿತ್ತು. ಅವಳು ಟವೆಲನ್ನು ಬಿಡಿಸದೆ ಅದೇ ಮೊಳೆಗೆ ಹಾಕಿ, ಸೆರಗಿನಿಂದ ನೆಲ ಒರೆಸಿದಳು.