ಸ್ಪೀಕರ್ ಹೊಟ್ಟೆಯ ಗಲೀಜು

ಥೂ, ಮನುಷ್ಯರೋ ಇವರು, ಏನು ಕತೆ! ದೊಡ್ಡ ಸ್ಪೀಕರ್ ಡಬ್ಬದ ಮುಂದೆ ಗಾಳಿಯಾಡಲಿ ಅಂತ ಒಂದು ತೂತು ಬಿಟ್ಟಿರುತ್ತಾರೆ. ದಪ್ಪ ದನಿ ಗುಮ್ಮನೆ ಬರುವುದೇ ಅಲ್ಲಿಂದ. ಪಾರ್ಟಿಗೆ ಬಂದವರ ಕಣ್ಣಿಗೆ ಮಾತ್ರ ಅದು ಕಸದ ಬುಟ್ಟಿ. ಅಕ್ಕ ಡಬ್ಬದ ಹಿಂಬದಿ ಬಿಚ್ಚಿ ಕೈ ಹಾಕಿದರೆ ಮೊದಲು ಸಿಕ್ಕಿದ್ದು ಚೀಪಿ ಬಿಸಾಕಿದ ಮೂಳೆ. ಆಮೇಲೆ ಸಿಗರೇಟು ತುಂಡು, ಮೂಗು ಒರೆಸಿದ ಕಾಗದ. ತಳದಲ್ಲಿ, ಒಳಗಿನ ಹತ್ತಿಗೆ ಮೆತ್ತಿಕೊಂಡು, ಯಾರೋ ಕುಡಿದು ಕಕ್ಕಿದ್ದು. ಹುಳಿ ನಾತ ತಡೆಯದೆ ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡಳು.

"ನಿನಗೆ ಗೊತ್ತಿತ್ತಾ?" ಅಂತ ತಮ್ಮನನ್ನು ಕೇಳಿದಳು.

ಅವನು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಫೋನ್ ತೀಡುತ್ತಿದ್ದ. "ಸ್ವಲ್ಪ ವಾಸನೆ ಬರ್ತಿತ್ತು. ಹೇಗೂ ನೀನು ತೊಳೀತೀಯಲ್ಲ ಅಂತ ತಂದಿಟ್ಟೆ."

ಅಕ್ಕ ತಮ್ಮ ಇಬ್ಬರೂ ಸೇರಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವರು. ಪಾರ್ಟಿಗೆ ಹೋಗಿ ಗುಂಡಿ ತಿರುಗಿಸಿ ಭೇಷ್ ಅನ್ನಿಸಿಕೊಳ್ಳುವವನು ಅವನು. ಹರಿದಿದ್ದು, ಸುಟ್ಟಿದ್ದು, ನಾರುವುದು ಎಲ್ಲ ಇವಳ ಪಾಲು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಈ ಮನೆಯಲ್ಲಿ ಕೆಸರು ಅಕ್ಕನ ಕೈಗೆ, ಮೊಸರು ತಮ್ಮನ ಬಾಯಿಗೆ.

ಆದರೆ ಅವತ್ತು ಅವಳಿಗೊಂದು ಆಸೆ ಇತ್ತು. ಊರಲ್ಲಿ ಹೊಸದಾಗಿ ಕಟ್ಟಿದ ಸಭಾಂಗಣದ ಮ್ಯಾನೇಜರು ಮಧ್ಯಾಹ್ನ ಇವರ ಜೋಡಿ ಡಬ್ಬದ ದನಿ ಕೇಳುವವರಿದ್ದರು. ಒಪ್ಪಿಗೆಯಾದರೆ ಡಬ್ಬ ಅಲ್ಲೇ ಗೋಡೆಗೆ ಏರುತ್ತವೆ, ನೋಡಿಕೊಳ್ಳುವ ಕೆಲಸವೂ ಕಾಯಂ. ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಎಲ್ಲರೂ ಕುರ್ಚಿಯಲ್ಲಿ ಕೂತು ಭಾಷಣ ಕೇಳುವ ಜಾಗ. ಇನ್ನೊಬ್ಬರ ವಾಂತಿಯೊಳಗೆ ಕೈ ಹಾಕುವುದು ಇಲ್ಲಿಗೆ ಮುಗಿದರೆ ಸಾಕಪ್ಪ ಅಂತ ಅವಳು ಕಾಯುತ್ತಿದ್ದಳು.

ಹಳೇ ಹತ್ತಿ ಕಿತ್ತೆಸೆದು ಹೊಸದು ತುಂಬಿದಳು. ಅದುರಿ ದನಿ ಹೊರಡಿಸುವ ಕಾಗದದ ಕೋನ್ ನೆನೆದರೆ ಕೆಟ್ಟಿತು ಅಂತ, ಹಿಂಡಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ನೆರಳಲ್ಲಿ ಆರಿಸಿದಳು. ಯಾವ ತಂತಿ ಪ್ಲಸ್ಸು ಅಂತ ತಿಳಿಯಲು ಟಾರ್ಚಿನ ಸೆಲ್ ತಂದು ಕೋನಿನ ಎರಡು ತಂತಿಗೂ ಮುಟ್ಟಿಸಿದಳು. ಕೋನ್ ಮುಂದಕ್ಕೆ ಬಂತು. ಆಗ ಸೆಲ್ಲಿನ ಪ್ಲಸ್ಸಿಗೆ ತಗುಲಿದ್ದ ತಂತಿಗೆ, ಡಬ್ಬದ ಕೆಂಪು ಪಿನ್ನಿಗೆ ಸೇರಬೇಕಾದ್ದು ಇದೇ ಅಂತ ಕೆಂಪು ಟೇಪು ಸುತ್ತಿ, ಸೋಪು ಹಚ್ಚಿ ಕೈ ಉಜ್ಜಲು ಹೋದಳು. ಎಷ್ಟು ಉಜ್ಜಿದರೂ ನಾತ ಹೋಗಲೊಲ್ಲದು. ವಾಪಸ್ ಬರುವಷ್ಟರಲ್ಲಿ ತಮ್ಮ ತಂತಿ ಸಿಕ್ಕಿಸಿ ಡಬ್ಬ ಮುಚ್ಚಿಬಿಟ್ಟಿದ್ದ.

"ಕೆಂಪಿಗೆ ಕೆಂಪು ಹಾಕಿದೆ ತಾನೆ?"

"ಹೂಂ ಹೂಂ, ನಡಿ, ಹೊತ್ತಾಯ್ತು."

ಸಭಾಂಗಣದ ನಟ್ಟನಡುವೆ ನಿಂತು ಕೇಳಿದ ಮ್ಯಾನೇಜರು ಮುಖ ಸಿಂಡರಿಸಿದರು. "ಮಾತು ಕೇಳಿಸುತ್ತೆ, ಆದ್ರೆ ಟೊಳ್ಳು. ದಪ್ಪ ದನಿ ಎಲ್ಲಿ ಹೋಯ್ತು?"

ಅಕ್ಕನಿಗೆ ತಕ್ಷಣ ಗೊತ್ತಾಯಿತು. ಒಂದು ಡಬ್ಬ ಗಾಳಿ ತಳ್ಳುವಾಗ ಇನ್ನೊಂದು ಎಳೆಯುತ್ತಿದೆ. ಎತ್ತು ಏರಿಗೆ, ಕೋಣ ನೀರಿಗೆ. ಹೀಗಾದರೆ ದಪ್ಪ ದನಿ ಅಲ್ಲೇ ಪರಸ್ಪರ ಕಚ್ಚಾಡಿ ಸಾಯುತ್ತದೆ.

"ನಿಲ್ಲಿಸು. ಒಂದರ ತಂತಿ ಉಲ್ಟಾ ಆಗಿದೆ," ಅಂದಳು.

ತಮ್ಮನದು ಜಾಣಕಿವುಡು. ಯಾವ ರೋಗಕ್ಕೂ ಅವನ ಹತ್ತಿರ ಒಂದೇ ಮದ್ದು, ಗುಂಡಿ ಏರಿಸುವುದು. ಕೊನೆವರೆಗೂ ತಿರುಗಿಸಿದ. ಆಂಪ್ಲಿಫೈಯರ್ ತಾಕತ್ತು ಮೀರಿ ದನಿ ಒಡೆಯಿತು, ಕರಕರ ಅಂದಿತು, ಸುಟ್ಟ ವಾಸನೆ ಬಂತು. ಬಲಗಡೆಯ ಡಬ್ಬ ಮೂಕವಾಯಿತು.

"ಏನ್ರೀ ಇದು?" ಅಂದರು ಮ್ಯಾನೇಜರು.

"ಬೆಳಿಗ್ಗೆ ಅಕ್ಕ ಬಿಚ್ಚಿದ್ದಳು ಸರ್. ವೈರ್ ತಿರುಗಾಮುರುಗಾ ಹಾಕಿದಾಳೆ. ಇವಳಿಗೆ ಹೇಳಿ ಹೇಳಿ ನನಗೂ ಸಾಕಾಯ್ತು."

ಕಣ್ಣು ಕೂಡ ಮಿಟುಕಿಸದೆ ಅವಳ ಮೇಲೆ ಗೂಬೆ ತಂದು ಕೂರಿಸಿದ. ಅಕ್ಕನಿಗೆ ಬೆಳಿಗ್ಗೆಯ ಗಲೀಜೇ ವಾಸಿ ಅನ್ನಿಸಿತು. ಅದು ಯಾರದೋ ಹೊಟ್ಟೆಯದು, ಇದು ಒಡಹುಟ್ಟಿದವನ ಬಾಯಿಯದು. ಅವನ ಮುಖ ನೋಡುವುದಕ್ಕೂ ಅವಳಿಗೆ ಹೇಸಿಗೆಯಾಯಿತು.

"ನಿಮ್ಮ ಪಂಚಾಯ್ತಿ ನನಗೆ ಬೇಡ," ಅಂದರು ಮ್ಯಾನೇಜರು. "ನಾಳೆ ಇನ್ನೊಂದು ಸಲ ಕೇಳ್ತೀನಿ. ಹೊಣೆ ಹೊರೋರು ಯಾರಾದ್ರೂ ಒಬ್ಬರು ಬನ್ನಿ."

"ನಾನೇ ಬರ್ತೀನಿ ಸರ್," ಅಂದ ತಮ್ಮ, ನಗುನಗುತ್ತಾ.

"ಅವನು ಬರಲ್ಲ," ಅಂದಳು ಅಕ್ಕ. "ತಂತಿ ಹಾಕಿದ್ದೂ ಅವನೇ, ಸುಟ್ಟಿದ್ದೂ ಅವನೇ. ನಾಳೆ ನಾನೊಬ್ಬಳೇ ಬರ್ತೀನಿ. ಮುಂದೂ ನಾನೊಬ್ಬಳೇ. ನೀವು ಬೇಡ ಅಂದ್ರೂ ಇವನ ಜೊತೆ ನನ್ನ ಕೆಲಸ ಇವತ್ತಿಗೆ ಮುಗೀತು."

ಮ್ಯಾನೇಜರು ಅವಳನ್ನೊಮ್ಮೆ ನೋಡಿ, ಆಗಲಿ ಅಂತ ತಲೆಯಾಡಿಸಿದರು.

ಹೊರಗೆ ಇಬ್ಬರೂ ಸೇರಿ ಡಬ್ಬಗಳನ್ನು ವ್ಯಾನಿಗೆ ಏರಿಸಿದರು. ತಮ್ಮನ ಬಾಯಿಂದ ತಪ್ಪಾಯ್ತು ಅಂತ ಒಂದು ಮಾತು ಬರುತ್ತದೇನೋ ಅಂತ ಅವಳು ಕಾದಳು, ನಾಚಿಕೆ ಬಿಟ್ಟು ಕಾದಳು. ಅವನ ಮುಖದಲ್ಲಿ ನಿಜವಾಗಲೂ ಗಾಬರಿಯಿತ್ತು.

"ಹಾಗಾದ್ರೆ ಶನಿವಾರದ ಪಾರ್ಟಿ ಆದ್ಮೇಲೆ ಡಬ್ಬ ಯಾರು ತೊಳೀತಾರೆ?" ಅಂದ.

ಇಷ್ಟು ವರ್ಷ ಅವನಿಗೆ ತಾನು ಅಕ್ಕ ಅಂದುಕೊಂಡಿದ್ದಳು.